ಬೊಟಾಕ್ಸಿನ ಇನ್ನೊಂದು ಕೆಲಸ
ಬೊಟಾಕ್ಸ್ ಎಂದೊಡನೆ ನೆನಪಾಗುವುದು ಸಿನಿಮಾ ತಾರೆಯರ ಸುಕ್ಕಿಲ್ಲದ ಹಣೆ. ಅದೇ ಚುಚ್ಚುಮದ್ದನ್ನು ನಡುಗುವ ಕೈಗೂ ಅಲ್ಲಾಡುವ ತಲೆಗೂ ಕೊಡುತ್ತಾರೆಂದರೆ ಹುಬ್ಬೇರಿಸುವವರೇ ಹೆಚ್ಚು. ಹುಬ್ಬೇರಿಸಲಿ ಬಿಡಿ, ಇದೇನು ಸಾಧುವಾದ ಮದ್ದಲ್ಲ; 1895ರಲ್ಲಿ ಬೆಲ್ಜಿಯಂನ ಹಳ್ಳಿಯೊಂದರಲ್ಲಿ ಹಂದಿಮಾಂಸ ತಿಂದ ಕೆಲವರ ಜೀವ ತೆಗೆದ ವಿಷ. ನರದ ತುದಿಯಲ್ಲಿ ಅಸೆಟೈಲ್‌ಕೋಲಿನ್ ಹೊರಬರದಂತೆ ಅದು ತಡೆಯುತ್ತದೆ, ಸ್ನಾಯು ಸಡಿಲಾಗುತ್ತದೆ. ನಡುಕ ಹುಟ್ಟುವುದು ಮಿದುಳಿನಲ್ಲಿ, ಸೂಜಿ ಇಳಿಯುವುದು ಮುಂಗೈಗೆ. ಹಾಗಾಗಿ ರೋಗದ ಬೇರು ಇದ್ದಲ್ಲೇ ಇರುತ್ತದೆ. ಸಾಮಾನ್ಯವಾಗಿ ಪ್ರೊಪ್ರನೊಲಾಲ್, ಪ್ರಿಮಿಡೋನ್ ಮಾತ್ರೆಗಳಿಂದ ಗುಣ ಕಾಣದಿದ್ದಾಗಲೇ ವೈದ್ಯರು ಇದರತ್ತ ನೋಡುವುದು. ಕಸುಬೆಲ್ಲ ಇರುವುದು ಯಾವ ಸ್ನಾಯುವಿಗೆ, ಎಷ್ಟು ಎಂಬ ಲೆಕ್ಕದಲ್ಲಿ. ಡೋಸ್ ತುಸು ಹೆಚ್ಚಾಯಿತೋ, ಲೋಟದ ಕಾಫಿ ತುಳುಕುವುದು ನಿಂತೀತು, ಆದರೆ ಶರ್ಟಿನ ಗುಂಡಿ ಹಾಕಲು ಬೆರಳಲ್ಲಿ ಕಸುವಿರದು. ತಲೆಯ ನಡುಕದ ಬಗ್ಗೆ ಫ್ರಾನ್ಸಿನಲ್ಲಿ 117 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು: ಕತ್ತಿಗೆ ಈ ಮದ್ದು ಚುಚ್ಚಿಸಿಕೊಂಡವರಲ್ಲಿ ಶೇ. 31ರಷ್ಟು ಮಂದಿಗೆ ಚೆನ್ನಾಗಿ ಗುಣ ಕಂಡಿತು, ಹುಸಿಮದ್ದು ಪಡೆದವರಲ್ಲಿ ಶೇ. 9ರಷ್ಟು ಮಂದಿಗೆ ಮಾತ್ರ. ಮದ್ದು ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕತ್ತುನೋವು, ಕತ್ತಿನ ನಿತ್ರಾಣ, ನುಂಗಲು ತೊಂದರೆ ಇಂಥವೂ ಬಂದವು. ನನಗೆ ಈ ಅಂಕಿಗಳು ಜಾಹೀರಾತಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತವೆ. ಮೂರನೆಯ ಒಂದು ಭಾಗದಷ್ಟು ಜನಕ್ಕೆ ನೆಮ್ಮದಿಯೆಂದರೆ ಸಣ್ಣ ಮಾತಲ್ಲ, ಪವಾಡವೂ ಅಲ್ಲ. ಹೆಚ್ಚುಕಡಿಮೆ ಮೂರು ತಿಂಗಳಿಗೆ ಮದ್ದಿನ ಪ್ರಭಾವ ಇಳಿಯುತ್ತದೆ, ಮತ್ತೆ ಸೂಜಿ, ಮತ್ತೆ ಬಿಲ್ಲು. ಇವೆಲ್ಲವನ್ನೂ ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳುವ ವೈದ್ಯರು ಸಿಕ್ಕರೆ ಅವರ ಬಳಿಯೇ ಚುಚ್ಚಿಸಿಕೊಳ್ಳಿ.