ಅಂಗುಲದ ಸ್ಟಿಕ್ಕರ್, ಮೂರು ವರ್ಷದ ಜೈಲು!

ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿ ಹೇರೋಹಳ್ಳಿ ಕಡೆಗೆ ಬಂದರೆ ರೇಡಿಯಂ ಕಟಿಂಗ್ ಅಂಗಡಿಗೂ ಬರವಿಲ್ಲ, ಕಂಪ್ಯೂಟರ್ ರಿಪೇರಿ ಅಂಗಡಿಗೂ ಬರವಿಲ್ಲ. ಒಬ್ಬ ಆಟೋದ ಬೆನ್ನಿಗೆ ದೇವರ ಹೆಸರು ಅಂಟಿಸುತ್ತಾನೆ, ಇನ್ನೊಬ್ಬ ಸತ್ತ ಲ್ಯಾಪ್‌ಟಾಪಿಗೆ ಜೀವ ಕೊಡುತ್ತಾನೆ. ಇವರಿಬ್ಬರ ಕಸುಬೂ ಕೂಡುವ ಜಾಗ ಒಂದಿದೆ. ಅದು ಲ್ಯಾಪ್‌ಟಾಪಿನಲ್ಲಿ ಅಂಗೈ ಊರುವ ಕಡೆ ಇರುವ ಒಂದು ಅಂಗುಲದ ಸ್ಟಿಕ್ಕರ್. ಒಳಗಿರುವ ಚಿಪ್ಪು ಯಾವ ಕಂಪೆನಿಯದು, ತುಂಬಿರುವ ವಿಂಡೋಸ್ ಯಾವುದು ಅಂತ ಹೇಳುವ ಚೀಟಿ.

ಒಂದು ಚೀಟಿಗೆ ಇಷ್ಟೊಂದು ರಾದ್ಧಾಂತವೇ ಅಂತ ನಗುವವರು 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯ 103ನೇ ಸೆಕ್ಷನ್ ಒಮ್ಮೆ ಓದಬೇಕು. ಪರರ ಗುರುತನ್ನು ಸುಳ್ಳಾಗಿ ಹಾಕಿದವನಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅದರ ಮೇಲೆ 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಹಾಕಿದವನಿಗೆ ಮಾತ್ರವಲ್ಲ, ಅಂಥ ಮಾಲು ಮಾರಿದವನಿಗೂ 104ನೇ ಸೆಕ್ಷನ್ ಪ್ರಕಾರ ಅದೇ ಶಿಕ್ಷೆ. ಸುಳ್ಳು ಗುರುತು ಮಾಡಲೆಂದೇ ಅಚ್ಚು, ಬ್ಲಾಕು, ಯಂತ್ರ ಇಟ್ಟುಕೊಂಡವನನ್ನೂ ಕಾಯಿದೆ ಬಿಟ್ಟಿಲ್ಲ. ಅಂದರೆ ರೇಡಿಯಂ ಅಂಗಡಿಯವನೂ ಬಲೆಯೊಳಗೇ ಇದ್ದಾನೆ.

ಈ ವ್ಯಾಪಾರ ನಡೆಯುವ ರೀತಿ ಹೀಗೆ. ದೊಡ್ಡ ಆಫೀಸುಗಳು ಮೂರು ನಾಲ್ಕು ವರ್ಷ ಬಳಸಿ ಬಿಸಾಕಿದ ಲ್ಯಾಪ್‌ಟಾಪುಗಳು ಲಾಟುಗಟ್ಟಲೆ ಹರಾಜಾಗಿ ಎಸ್.ಪಿ. ರಸ್ತೆಗೆ, ಅಂದರೆ ಸಾದರ ಪತ್ರಪ್ಪ ರಸ್ತೆಗೆ ಬರುತ್ತವೆ. ಅಲ್ಲಿಂದ ಬಡಾವಣೆ ಬಡಾವಣೆಯ ಅಂಗಡಿಗಳಿಗೆ ಹಂಚಿಹೋಗುತ್ತವೆ. ಕೊಳ್ಳುವವರು ಯಾರು? ಮಗಳನ್ನು ಡಿಪ್ಲೊಮಾಗೆ ಸೇರಿಸಿದ ಗಾರ್ಮೆಂಟ್ಸ್ ಕೆಲಸದಾಕೆ, ಮಗನ ಬಿಸಿಎಗೆ ಸಾಲ ಮಾಡಿದ ಪೀಣ್ಯದ ಟರ್ನರ್. ಹೊಸದಕ್ಕೆ ಅರ್ಧ ಲಕ್ಷ ಸುರಿಯಲು ಇವರ ಕೈಲಿ ಆಗೋದಿಲ್ಲ. ಈ ಹಳೇ ಮಾಲೇ ಇವರ ಪಾಲಿನ ಕಂಪ್ಯೂಟರ್ ಯುಗ.

ಹಳೇ ಮಾಲಿನ ಮೈ ಸವೆದಿರುತ್ತದೆ, ಸ್ಟಿಕ್ಕರ್ ಅರ್ಧ ಕಿತ್ತು ಅಂಟು ಕಪ್ಪಾಗಿರುತ್ತದೆ. ರಿಪೇರಿಯವನು ತೊಳೆದು, ಕೀಬೋರ್ಡು ಬದಲಿಸಿ, ಕೊನೆಗೆ ಒಂದು ಹೊಸ ಸ್ಟಿಕ್ಕರ್ ಜಡಿಯುತ್ತಾನೆ. ಮದುಮಗಳಿಗೆ ಬೊಟ್ಟಿಟ್ಟ ಹಾಗೆ! ಗಿರಾಕಿ ನೋಡಿದ ಕೂಡಲೇ ಇದು ಕಂಪೆನಿ ಮಾಲು ಅಂತ ನಂಬಬೇಕು. ಬಹಳ ಮಂದಿಗೆ ಇದರಲ್ಲಿ ತಪ್ಪಿದೆ ಅಂತಲೇ ಅನಿಸೋದಿಲ್ಲ. ಒಳಗೆ ಅದೇ ಚಿಪ್ಪಿದೆ, ಹೊರಗೆ ಅದೇ ಹೆಸರು ಬರೆದರೆ ಮೋಸ ಎಲ್ಲಿಂದ ಬಂತು ಎಂಬುದು ಅವರ ವಾದ.

ವಾದ ಕೇಳಲು ಚೆನ್ನಾಗಿದೆ. ಆದರೆ ಈ ಸ್ಟಿಕ್ಕರ್ ಹುಟ್ಟಿದ್ದು ಹೇಗೆ ಅಂತ ನೋಡಿದರೆ ಕಂಪೆನಿಗಳು ಯಾಕೆ ಇಷ್ಟು ಹಟ ಹಿಡಿಯುತ್ತವೆ ಎಂಬುದು ತಿಳಿಯುತ್ತದೆ.

1991ರಲ್ಲಿ ಇಂಟೆಲ್ ಕಂಪೆನಿ ‘ಇಂಟೆಲ್ ಇನ್‌ಸೈಡ್’ ಎಂಬ ಪ್ರಚಾರ ಶುರು ಮಾಡಿತು. ಕಂಪ್ಯೂಟರ್ ಕೊಳ್ಳುವ ಜನಕ್ಕೆ ಅಲ್ಲಿವರೆಗೆ ಒಳಗಿನ ಚಿಪ್ಪಿನ ಗೊಡವೆಯೇ ಇರಲಿಲ್ಲ. ಪೆಟ್ಟಿಗೆ ಯಾರದೋ ಅವರ ಹೆಸರೇ ಹೆಸರು. ಇಂಟೆಲ್ ಒಂದು ಒಪ್ಪಂದ ಮುಂದಿಟ್ಟಿತು: ನಿಮ್ಮ ಪೆಟ್ಟಿಗೆಯ ಮೇಲೆ, ನಿಮ್ಮ ಜಾಹೀರಾತಿನಲ್ಲಿ ನಮ್ಮ ಗುರುತು ಹಾಕಿ, ಜಾಹೀರಾತಿನ ಖರ್ಚಿನಲ್ಲಿ ಒಂದು ಪಾಲು ನಾವು ಕೊಡುತ್ತೇವೆ. ಜೊತೆಗೆ ಲೈಸೆನ್ಸ್ ಪತ್ರ. ಗುರುತಿನ ಬಣ್ಣ ಬದಲಿಸಬಾರದು, ಅಳತೆ ಕೆಡಿಸಬಾರದು, ನಮ್ಮ ಚಿಪ್ಪು ಇರುವ ಯಂತ್ರದ ಮೇಲಲ್ಲದೆ ಬೇರೆಲ್ಲೂ ಅಂಟಿಸಬಾರದು. ಚಿಪ್ಪನ್ನು ಡಬ್ಬಿಯಲ್ಲಿ ಬಿಡಿಯಾಗಿ ಕೊಂಡು ಯಂತ್ರ ಜೋಡಿಸುವವರಿಗೆ ಡಬ್ಬಿಯೊಳಗೇ ಒಂದು ಸ್ಟಿಕ್ಕರ್ ಇಟ್ಟು ಕೊಡುವ ಪದ್ಧತಿಯೂ ಬಂತು. ಒಂದು ಚಿಪ್ಪಿಗೆ ಒಂದು ಚೀಟಿ, ಅಷ್ಟೇ ಲೆಕ್ಕ. ಮೈಕ್ರೋಸಾಫ್ಟಿನದು ಇನ್ನೂ ಬಿಗಿ. ವಿಂಡೋಸ್ ಅಸಲಿ ಎಂದು ಸಾರುವ ಚೀಟಿಯನ್ನು ಯಂತ್ರದಿಂದ ಬೇರ್ಪಡಿಸಿ ಮಾರುವಂತೆಯೇ ಇಲ್ಲ. ಹಿಂದೆ ಆ ಚೀಟಿಯ ಮೇಲೆಯೇ ಕೀ ನಂಬರ್ ಅಚ್ಚಾಗಿರುತ್ತಿತ್ತು. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ದೊಡ್ಡ ಕಂಪೆನಿಗಳ ಯಂತ್ರಗಳಲ್ಲಿ ಕೀ ಮದರ್‌ಬೋರ್ಡಿನೊಳಗೆ ಸೇರಿಕೊಂಡಿತು. ಆದರೂ ಚೀಟಿಯ ಮೇಲಿನ ಭ್ರಮೆ ಜನಕ್ಕೆ ಹೋಗಿಲ್ಲ.

ಈ ಷರತ್ತುಗಳು ನ್ಯಾಯಾಲಯದಲ್ಲಿ ನಿಲ್ಲುತ್ತವೆಯೇ? ಸಹಿ ಹಾಕಿದವನ ಮಟ್ಟಿಗೆ ನಿಲ್ಲುತ್ತವೆ. ಸುಪ್ರೀಂ ಕೋರ್ಟು 1995ರಲ್ಲಿ ಗುಜರಾತ್ ಬಾಟ್ಲಿಂಗ್ ಕಂಪೆನಿ ಮತ್ತು ಕೋಕಾ ಕೋಲಾ ನಡುವಿನ ಮೊಕದ್ದಮೆಯಲ್ಲಿ ಈ ಮಾತನ್ನು ವಿವರವಾಗಿ ಹೇಳಿದೆ. ಥಮ್ಸ್ ಅಪ್, ಗೋಲ್ಡ್ ಸ್ಪಾಟ್, ಲಿಮ್ಕಾ ತುಂಬುವ ಲೈಸೆನ್ಸಿನ ಜಗಳ ಅದು. ಗುರುತಿನ ಒಡೆಯ ಮಾಲಿನ ಗುಣಮಟ್ಟದ ಮೇಲೆ ಹಿಡಿತ ಇಟ್ಟುಕೊಂಡು, ಜನಕ್ಕೆ ಗೊಂದಲವಾಗದ ಹಾಗೆ ಇನ್ನೊಬ್ಬನಿಗೆ ಲೈಸೆನ್ಸ್ ಕೊಡಬಹುದು. ಒಪ್ಪಂದ ಜಾರಿಯಲ್ಲಿರುವವರೆಗೆ ಎದುರಾಳಿ ಕಂಪೆನಿಯ ಮಾಲು ತಯಾರಿಸಬೇಡ ಎಂಬ ಷರತ್ತೂ ಊರ್ಜಿತವೇ ಎಂದಾಯಿತು.

ಹೇರೋಹಳ್ಳಿಯ ರಿಪೇರಿಯವನು ಯಾವ ಪತ್ರಕ್ಕೂ ಸಹಿ ಹಾಕಿಲ್ಲ. ಸ್ಟಿಕ್ಕರಿನ ಹಿಂಬದಿಯ ಕಾಗದದಲ್ಲಿ ಕಂಪೆನಿ ಏನು ಮುದ್ರಿಸಿದರೂ ಅದನ್ನು ಅವನು ಓದಿ ಒಪ್ಪಿದ ಅಂತ ಹೇಳುವುದು ಕಷ್ಟ. ಒಪ್ಪಂದ ಮಾಡಿಕೊಂಡವರಿಗೆ ಮಾತ್ರ ಒಪ್ಪಂದದ ಕಟ್ಟು, ಮೂರನೆಯವನಿಗಲ್ಲ. ಅಚ್ಚು ಹಾಕಿದ ಮಾತ್ರಕ್ಕೆ ಷರತ್ತು ಗೆಲ್ಲುವುದಿಲ್ಲ ಎಂಬುದಕ್ಕೆ ಬಟ್ಟೆ ಒಗೆಯುವ ಅಂಗಡಿಯ ಚೀಟಿಯೇ ಸಾಕ್ಷಿ. ಬಟ್ಟೆ ಕಳೆದರೆ ಬೆಲೆಯ ಒಂದು ಪಾಲು ಮಾತ್ರ ಕೊಡುತ್ತೇವೆ ಅಂತ ಒಂದು ಲಾಂಡ್ರಿ ಚೀಟಿಯ ಮೇಲೆ ಮುದ್ರಿಸಿದ್ದಕ್ಕೆ ಮದರಾಸು ಹೈಕೋರ್ಟು ಆ ಷರತ್ತನ್ನೇ ಎತ್ತಿ ಹಾಕಿತ್ತು. 1960ರ ದಶಕದ ಆ ತೀರ್ಪನ್ನು ವಕೀಲರು ಇಂದಿಗೂ ಉದಾಹರಿಸುತ್ತಾರೆ.

ಇಷ್ಟು ಕೇಳಿ ಬಚಾವಾದೆ ಅಂದುಕೊಂಡರೆ ಕೆಟ್ಟ. ಲೈಸೆನ್ಸಿನ ಷರತ್ತು ಅವನನ್ನು ಹಿಡಿಯದೆ ಇರಬಹುದು, ಲೈಸೆನ್ಸ್ ಇಲ್ಲದಿರುವುದೇ ಅವನನ್ನು ಹಿಡಿಯುತ್ತದೆ. ಒಡೆಯನ ಒಪ್ಪಿಗೆ ಇಲ್ಲದೆ ಗುರುತು ತಯಾರಿಸಿದರೆ ಅದು ಸುಳ್ಳು ಗುರುತು ಎಂದು 102ನೇ ಸೆಕ್ಷನ್ ಹೇಳುತ್ತದೆ. ಒಪ್ಪಿಗೆ ಇತ್ತು ಅಂತ ತೋರಿಸುವ ಭಾರ ಆರೋಪಿಯದು. ಮೋಸದ ಉದ್ದೇಶ ನನಗಿರಲಿಲ್ಲ ಅಂತ ರುಜುವಾತು ಮಾಡುವ ಭಾರವೂ ಅವನದೇ. ಬೇರೆ ಕೇಸುಗಳಲ್ಲಿ ಪೊಲೀಸರು ಅಪರಾಧ ಸಾಬೀತು ಮಾಡಬೇಕು. ಇಲ್ಲಿ ಬಡಪಾಯಿ ತನ್ನ ಮನಸ್ಸು ಬಿಚ್ಚಿ ತೋರಿಸಬೇಕು. ಐ3 ಚಿಪ್ಪಿನ ಯಂತ್ರಕ್ಕೆ ಐ7 ಸ್ಟಿಕ್ಕರ್ ಹಚ್ಚಿದವನ ವಿಷಯದಲ್ಲಿ ಕನಿಕರ ಬೇಕಿಲ್ಲ. ಅದು ಹಾಡುಹಗಲ ವಂಚನೆ, ಒಳಗೆ ಹೋಗಲಿ. ಪ್ರಶ್ನೆ ಇರೋದು ಐ5ಕ್ಕೆ ಐ5 ಎಂದೇ ಹೊಸ ಚೀಟಿ ಹಚ್ಚಿದವನದು. ಅವನ ನಡತೆ ಬೇರೆ, ಹೊರಬೇಕಾದ ಸೆಕ್ಷನ್ ಮಾತ್ರ ಅದೇ.

ಹಾಗಾದರೆ ಹಳೇ ಮಾಲು ಮಾರುವುದೇ ತಪ್ಪೇ? ಇಲ್ಲ. ಅದೇ ಕಾಯಿದೆಯ 30ನೇ ಸೆಕ್ಷನ್ ಬಡವನ ಪರ ಇದೆ. ಗುರುತಿನ ಒಡೆಯ ಒಮ್ಮೆ ಮಾರುಕಟ್ಟೆಗೆ ಬಿಟ್ಟ ಮಾಲನ್ನು ನ್ಯಾಯವಾಗಿ ಕೊಂಡವನು ಮತ್ತೆ ಮಾರಬಹುದು, ಗುರುತಿನ ನೆಪ ಹೇಳಿ ತಡೆಯುವ ಹಾಗಿಲ್ಲ. ಕಾರ್ಖಾನೆಯಲ್ಲಿ ಅಂಟಿಸಿದ ಸ್ಟಿಕ್ಕರ್ ಹಾಗೇ ಇದ್ದರೆ ಅದನ್ನು ಕೀಳಬೇಕಾದ್ದೂ ಇಲ್ಲ. ಆದರೆ ಮಾಲಿನ ಸ್ಥಿತಿ ಬದಲಾಗಿದ್ದರೆ, ಕೆಟ್ಟಿದ್ದರೆ ಒಡೆಯ ತಕರಾರು ಎತ್ತಬಹುದು ಎಂಬ ಒಂದು ಬಾಲವೂ ಅದಕ್ಕೆ ಅಂಟಿಕೊಂಡಿದೆ. ರಿಪೇರಿ ಮಾಡಿದ ಮಾಲು ಸ್ಥಿತಿ ಬದಲಾದ ಮಾಲೋ ಅಲ್ಲವೋ? ಇಷ್ಟು ವರ್ಷದ ಗೋಜಲು ಅದೇ.

ಈ ಗೋಜಲಿಗೆ ದೆಹಲಿ ಹೈಕೋರ್ಟು 2024ರ ಮೇ ತಿಂಗಳಲ್ಲಿ ಒಂದು ದಾರಿ ತೋರಿಸಿತು. ಸೀಗೇಟ್ ಮತ್ತು ವೆಸ್ಟರ್ನ್ ಡಿಜಿಟಲ್ ಕಂಪೆನಿಗಳ ಹಳೇ ಹಾರ್ಡ್ ಡಿಸ್ಕುಗಳನ್ನು ತರಿಸಿ, ಮೂಲ ಹೆಸರು ತೆಗೆದು, ತಮ್ಮ ಹೆಸರಿನಲ್ಲಿ ಮಾರುತ್ತಿದ್ದವರ ಮೇಲೆ ಕಂಪೆನಿಗಳು ಹೂಡಿದ್ದ ದಾವೆ ಅದು. ವ್ಯಾಪಾರವನ್ನೇ ನಿಲ್ಲಿಸಬೇಕೆಂದು ಕಂಪೆನಿಗಳು ಕೇಳಿದವು. ನ್ಯಾಯಮೂರ್ತಿ ಅನೀಶ್ ದಯಾಳ್ ಹಾಗೆ ಮಾಡಲಿಲ್ಲ. ಹಳೇ ಮಾಲು ರಿಪೇರಿ ಮಾಡಿ ಮಾರಬಹುದು, ಆದರೆ ನಿಜ ಹೇಳಿ ಮಾರಬೇಕು ಎಂಬುದು ಆದೇಶದ ತಿರುಳು. ಮೂಲ ತಯಾರಕ ಯಾರು ಅಂತ ಪ್ಯಾಕಿನ ಮೇಲೆ ಅಕ್ಷರದಲ್ಲಿ ಬರೆಯಬೇಕು, ಅವರ ಲೋಗೋ ಚಿತ್ರ ಬಳಸಬಾರದು. ಬಳಸಿ ರಿಪೇರಿ ಮಾಡಿದ ಮಾಲು ಎಂದಿರಬೇಕು. ಮೂಲ ಕಂಪೆನಿಯ ವಾರಂಟಿ, ಸರ್ವಿಸ್ ಇಲ್ಲ ಎಂದೂ ಇರಬೇಕು. ವಾರಂಟಿ ಕೊಡುವವನು ತಾನೇ ಆದರೆ ತನ್ನ ಹೆಸರು ಹಾಕಬೇಕು.

ಅಕ್ಷರ ಸರಿ, ಲೋಗೋ ಬೇಡ. ಹೇರೋಹಳ್ಳಿಯ ಅಂಗಡಿಯವನಿಗೆ ಇದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ. ‘ಡೆಲ್, ಎಚ್‌ಪಿ ಲ್ಯಾಪ್‌ಟಾಪ್ ರಿಪೇರಿ ಮಾಡಲಾಗುವುದು’ ಅಂತ ಸಾದಾ ಅಕ್ಷರದಲ್ಲಿ ಬೋರ್ಡು ಬರೆಸುವುದು ಬೇರೆ, ಕಂಪೆನಿಯ ದುಂಡು ಗುರುತನ್ನೇ ಆಳೆತ್ತರ ಮಾಡಿಸಿ ಕಂಪೆನಿ ಶೋರೂಮಿನ ಹಾಗೆ ಕಾಣಿಸುವುದು ಬೇರೆ. ದೆಹಲಿಯ ಆದೇಶ ಕರ್ನಾಟಕದ ಕೋರ್ಟುಗಳಿಗೆ ಕಡ್ಡಾಯವಲ್ಲ, ನಿಜ. ಆದರೂ ವಕೀಲರು ಎತ್ತಿ ಹಿಡಿಯಬಹುದಾದ ದೀಪ ಅದು.

ಕೋರ್ಟಿನ ಮಾತು ಹೀಗಾದರೆ ಠಾಣೆಯ ಮಾತು ಬೇರೆ. ಟ್ರೇಡ್ ಮಾರ್ಕ್ ಕೇಸಿನಲ್ಲಿ ಡಿವೈಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ, ಬೆಂಗಳೂರಿನಲ್ಲಾದರೆ ಎಸಿಪಿ, ವಾರಂಟ್ ಇಲ್ಲದೆ ಅಂಗಡಿ ಶೋಧಿಸಬಹುದು. ಆದರೆ ಅದಕ್ಕೂ ಮುಂಚೆ ಟ್ರೇಡ್ ಮಾರ್ಕ್ ರಿಜಿಸ್ಟ್ರಾರರ ಅಭಿಪ್ರಾಯ ಪಡೆಯಲೇಬೇಕು, ಅದರಂತೆ ನಡೆಯಲೇಬೇಕು. ಕರ್ನಾಟಕ ಸೇರಿರುವುದು ಚೆನ್ನೈ ಕಚೇರಿಯ ವ್ಯಾಪ್ತಿಗೆ. ಅಲ್ಲಿಗೆ ಬರೆದು ಉತ್ತರ ತರಿಸುವಷ್ಟು ತಾಳ್ಮೆ ದೂರು ಕೊಡುವವರಿಗೆ ಇರಬೇಕಲ್ಲ! ಅದಕ್ಕೇ ಒಂದು ಒಳದಾರಿ ಇದೆ. ಲೋಗೋ ಎಂಬುದು ಕಲಾಕೃತಿಯೂ ಹೌದು ಅಂತ ದೂರಿನಲ್ಲಿ ಕಾಪಿರೈಟ್ ಕಾಯಿದೆಯನ್ನೂ ಸೇರಿಸಿದರೆ ಮುಗಿಯಿತು. ಆ ಕಾಯಿದೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಬಂದು ಮಾಲು ಹೊತ್ತೊಯ್ಯಬಹುದು, ಯಾರ ಅಭಿಪ್ರಾಯವೂ ಬೇಕಿಲ್ಲ. ಅದರ 63ನೇ ಸೆಕ್ಷನ್ ಜಾಮೀನು ಸಿಗದ ಅಪರಾಧ ಎಂದು ಸುಪ್ರೀಂ ಕೋರ್ಟು 2022ರ ಮೇ 20ರಂದು ನಿಟ್ ಪ್ರೋ ಮೊಕದ್ದಮೆಯಲ್ಲಿ ತೀರ್ಮಾನಿಸಿದೆ. ಠಾಣೆಯಲ್ಲೇ ಜಾಮೀನು ಕೇಳುವ ಹಕ್ಕು ಹೋಯಿತು, ಮ್ಯಾಜಿಸ್ಟ್ರೇಟರ ಮುಂದೆಯೇ ಕೈಮುಗಿಯಬೇಕು.

ಹೀಗಿರುವಾಗ ಒಂದು ವಕೀಲರ ನೋಟೀಸು ಬಂದರೆ ಸಣ್ಣ ಅಂಗಡಿಯವನು ಮಾಡುವುದೇನು? ಕೇಳಿದಷ್ಟು ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ನೋಟೀಸು ಕಂಪೆನಿಯದೇ ಹೌದೋ ಅಂತಲೂ ವಿಚಾರಿಸುವುದಿಲ್ಲ. ಆಧಾರವಿಲ್ಲದೆ ಬೆದರಿಸಿದವರ ಮೇಲೆ ತಾನೇ ದಾವೆ ಹೂಡಬಹುದು ಎಂದು 142ನೇ ಸೆಕ್ಷನ್ ಹೇಳುತ್ತದೆ. ಟ್ರೇಡ್ ಮಾರ್ಕ್ ಕಾಯಿದೆಯಡಿ ಜಪ್ತಿಯಾದ ಮಾಲನ್ನು ವಾಪಸು ಕೇಳಲು 15 ದಿನದೊಳಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಈ ಎರಡು ಸಂಗತಿ ಗೊತ್ತಿರುವ ರಿಪೇರಿಯವರು ಮಾಗಡಿ ರಸ್ತೆಯುದ್ದಕ್ಕೂ ಹುಡುಕಿದರೂ ಸಿಗುವುದು ಅಪರೂಪ.

ಕಂಪೆನಿಗಳ ದೂರು ಪೂರ್ತಿ ಸುಳ್ಳಲ್ಲ. ಅಮೆರಿಕದ ವಾಣಿಜ್ಯ ಪ್ರತಿನಿಧಿ ಕಚೇರಿ 2024ರ ಜನವರಿಯಲ್ಲಿ ಹೊರಡಿಸಿದ ನಕಲಿ ಮಾಲಿನ ಕುಖ್ಯಾತ ಮಾರುಕಟ್ಟೆಗಳ ಪಟ್ಟಿಯಲ್ಲಿ ಮುಂಬಯಿಯ ಹೀರಾ ಪನ್ನಾ, ದೆಹಲಿಯ ಕರೋಲ್ ಬಾಗ್ ಜೊತೆ ನಮ್ಮ ಎಸ್.ಪಿ. ರಸ್ತೆಯ ಹೆಸರೂ ಇತ್ತು. ಗುರುತಿನ ಕಾವಲು ಪರದೇಶದವರ ಚಾಳಿ ಅಂತಲೂ ತಿಳಿಯಬೇಕಿಲ್ಲ. ಅದೇ ತಿಂಗಳು ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪು ಸಿಕ್ಕಾಗ ಕರ್ನಾಟಕ ಸರ್ಕಾರದ ಕಂಪೆನಿಯೇ ಬೆನ್ನು ಹತ್ತಿತ್ತು. ಅಲ್ಲಿ ಚಪ್ಪಾಳೆ ತಟ್ಟಿದವರು ಇಲ್ಲಿ ಕಣ್ಣು ಮುಚ್ಚಿಕೊಳ್ಳಲು ಬರುವುದಿಲ್ಲ.

ಹಾಗಂತ ಕಂಪೆನಿ ಅಂಟಿಸಿದ ಚೀಟಿಯೆಲ್ಲ ಸತ್ಯವಾಕ್ಯವೂ ಅಲ್ಲ. 2006ರಲ್ಲಿ ಮೈಕ್ರೋಸಾಫ್ಟ್ ‘ವಿಸ್ಟಾ ಕೇಪಬಲ್’ ಅಂತ ಸ್ಟಿಕ್ಕರ್ ಅಂಟಿಸಲು ತಯಾರಕರಿಗೆ ಒಪ್ಪಿಗೆ ಕೊಟ್ಟಿತು. ಕೊಂಡು ಮನೆಗೆ ಒಯ್ದರೆ ಕೆಲವು ಯಂತ್ರಗಳಲ್ಲಿ ವಿಸ್ಟಾದ ತೀರಾ ಕೆಳಗಿನ ಆವೃತ್ತಿ ಮಾತ್ರ ಓಡುತ್ತಿತ್ತು. 2007ರಲ್ಲಿ ಗ್ರಾಹಕರು ಅಮೆರಿಕದ ಕೋರ್ಟಿಗೆ ಹೋದರು. 2008ರಲ್ಲಿ ಎಲ್ಲರ ಪರವಾದ ಒಂದೇ ಮೊಕದ್ದಮೆಗೆ ಒಪ್ಪಿದ ಕೋರ್ಟು, 2009ರಲ್ಲಿ ಆ ಒಪ್ಪಿಗೆ ವಾಪಸು ಪಡೆಯಿತು. ಚೀಟಿಯ ಒಡೆಯನಿಗೆ ಗುರುತು ಕಾಯಲು ಜೈಲಿನ ಸೆಕ್ಷನ್ ಇದೆ. ಚೀಟಿ ನಂಬಿ ಕೆಟ್ಟ ಗಿರಾಕಿ ಮಾತ್ರ ಒಬ್ಬೊಬ್ಬನಾಗಿ ಅಲೆಯಬೇಕು. ನಮ್ಮಲ್ಲಿ 2019ರ ಗ್ರಾಹಕ ರಕ್ಷಣಾ ಕಾಯಿದೆ ಇದೆ, ದೂರು ಕೊಡಬಹುದು. ಅದಕ್ಕೆ ಬಿಲ್ಲು ಬೇಕು.

ಬಿಲ್ಲಿನ ಮಾತೇ ಕೊನೆಗೆ ಇಬ್ಬರಿಗೂ ಬರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲು ಬೆಂಬಲ ಮುಗಿದಿದೆ. ವಿಂಡೋಸ್ 11 ಹಿಡಿಸದ ಹಳೇ ಯಂತ್ರಗಳನ್ನು ಆಫೀಸುಗಳು ಹೊರಗೆ ಹಾಕಿದಷ್ಟೂ ಹೇರೋಹಳ್ಳಿಯಂಥ ಕಡೆಗೆ ಮಾಲು ಬರುತ್ತದೆ. ಅದರಲ್ಲಿ ಯಾವ ಚಿಪ್ಪಿದೆ ಎಂದು ತಿಳಿಯಲು ಸ್ಟಿಕ್ಕರೇ ಬೇಕಿಲ್ಲ, ಅಂಗಡಿಯಲ್ಲೇ ಯಂತ್ರ ಚಾಲೂ ಮಾಡಿಸಿ ಸಿಸ್ಟಂ ವಿವರ ತೆಗೆಸಿದರೆ ಪರದೆಯ ಮೇಲೆ ಬರುತ್ತದೆ. ಅದನ್ನೇ ಬಿಲ್ಲಿನಲ್ಲಿ ಸಾದಾ ಅಕ್ಷರದಲ್ಲಿ ಬರೆದು, ಹಳೇ ಮಾಲು, ರಿಪೇರಿ ಮಾಡಿದ್ದು, ಕಂಪೆನಿ ವಾರಂಟಿ ಇಲ್ಲ, ಅಂಗಡಿ ವಾರಂಟಿ ಇಷ್ಟು ತಿಂಗಳು ಅಂತ ಸೀಲು ಹಾಕಿ ಕೊಟ್ಟರೆ ಮಾರಿದವನಿಗೂ ಆಧಾರ, ಕೊಂಡವನಿಗೂ ಆಧಾರ. ಈಗ ಬಹಳ ಕಡೆ ಸಿಗುವುದು ವಿಸಿಟಿಂಗ್ ಕಾರ್ಡಿನ ಬೆನ್ನಿಗೆ ಪೆನ್ನಿನಲ್ಲಿ ಗೀಚಿದ ಒಂದು ಮೊತ್ತ, ಕೆಳಗೊಂದು ಫೋನ್ ನಂಬರ್.