ಬಿಡಿಭಾಗಕ್ಕೆ ಮೊದಲು ರೋಗನಿದಾನ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ರಸ್ತೆಗಳಲ್ಲಿ ಬೆಲೆಬಾಳುವ ಐಷಾರಾಮಿ ಕಾರು ಇಂದು ಅಪೂರ್ವದ ನೋಟವಲ್ಲ. ಆದರೆ ಕಾರಿನ ಬೆಲೆ ಎಷ್ಟೇ ಇರಲಿ, ಅದರ ಒಡೆಯನ ಬಾಯಲ್ಲಿ ಒಂದಿಲ್ಲೊಂದು ದಿನ ಕೇಳಿಬರುವ ದೂರು ಒಂದೇ: ‘ಗಾಡಿ ಪಿಕಪ್ ತಗೊಳವಲ್ದು.’ ಆಕ್ಸಿಲರೇಟರನ್ನು ತುಳಿದೊಡನೆ ಮುನ್ನುಗ್ಗಬೇಕಾದ ವಾಹನವು ಕ್ಷಣಕಾಲ ಹಿಂಜರಿದು, ಬಳಿಕ ಮನಸ್ಸಿಲ್ಲದ ಮನಸ್ಸಿನಿಂದ ಹೊರಡುತ್ತದೆ. ಈ ದೂರನ್ನು ಬಗೆಹರಿಸುವ ವಿಧಾನದಲ್ಲಿ ನಮ್ಮಲ್ಲಿ ವಿಜ್ಞಾನಕ್ಕಿಂತ ಊಹೆಯೇ ಹೆಚ್ಚಾಗಿದೆಯೆಂಬುದು ನಮ್ಮ ಅಭಿಪ್ರಾಯ.

ಇದು ಸಿರಿವಂತರ ಚಿಂತೆ, ನಮಗೇಕೆ ಎಂದು ವಾಚಕರು ಕೇಳಬಹುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 22 ಮೀಟರ್ ಕ್ರಮಿಸುತ್ತದೆ. ಎದುರಿನಿಂದ ಅದೇ ವೇಗದಲ್ಲಿ ಬರುವ ವಾಹನವೂ ಅಷ್ಟೇ ದೂರ ಸಮೀಪಿಸುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರುಗಳನ್ನೆಳೆಯುವ ಟ್ರಾಕ್ಟರನ್ನು ಹಿಂದಿಕ್ಕುವಾಗ ಕಾರು ಒಂದು ಸೆಕೆಂಡು ತಡವರಿಸಿದರೆ 44 ಮೀಟರ್ ಅಂತರ ಕರಗಿಹೋಗುತ್ತದೆ. ಆ ಅಂತರದಲ್ಲಿ ಬೈಸಿಕಲ್ಲಿನ ಮೇಲೆ ಬರುತ್ತಿರುವವನು ಕಾರಿನ ಒಡೆಯನಲ್ಲ. ಆದುದರಿಂದ ಈ ವಿಚಾರ ಎಲ್ಲರಿಗೂ ಸಂಬಂಧಿಸಿದ್ದು.

ಹಿಂದಿನ ಮೋಟಾರುಗಳಲ್ಲಿ ಪೆಡಲಿಗೂ ಥ್ರಾಟಲ್ ಎಂಬ ಗಾಳಿಯ ಕವಾಟಕ್ಕೂ ಒಂದು ತಂತಿಯ ಸಂಬಂಧವಿತ್ತು. ಕಾಲು ಒತ್ತಿದಷ್ಟು ಕವಾಟ ತೆರೆಯುತ್ತಿತ್ತು. ಇಂದಿನ ಕಾರಿನಲ್ಲಿ ಪೆಡಲು ಕೇವಲ ಒಂದು ಬೇಡಿಕೆಯನ್ನು ಸಲ್ಲಿಸುತ್ತದೆ. ಪೆಡಲಿನ ಎರಡು ಸೆನ್ಸರುಗಳು ಕಾಲಿನ ಒತ್ತಡವನ್ನು ವಿದ್ಯುತ್ ಸಂಕೇತವಾಗಿ ಕಂಪ್ಯೂಟರಿಗೆ ತಿಳಿಸುತ್ತವೆ. ಕಂಪ್ಯೂಟರು ಅವೆರಡನ್ನೂ ಹೋಲಿಸಿ, ಒಪ್ಪಿಗೆಯಾದರೆ ಮಾತ್ರ ಒಂದು ಪುಟ್ಟ ವಿದ್ಯುತ್ ಮೋಟಾರಿನಿಂದ ಕವಾಟವನ್ನು ತೆರೆಸುತ್ತದೆ. ಸಂಕೇತಗಳು ಪರಸ್ಪರ ತಾಳೆಯಾಗದಿದ್ದರೆ ಅದು ಸುರಕ್ಷತೆಗಾಗಿ ಇಂಜಿನ್ನಿನ ಶಕ್ತಿಯನ್ನೇ ಮೊಟಕುಗೊಳಿಸುತ್ತದೆ. ಹೀಗಾಗಿ ಕಾಲಿಗೂ ಚಕ್ರಕ್ಕೂ ನಡುವೆ ಪೆಡಲು, ಸೆನ್ಸರು, ಕಂಪ್ಯೂಟರು, ಕವಾಟ, ಟರ್ಬೊ, ಇಂಧನದ ಪಂಪು, ಗೇರುಪೆಟ್ಟಿಗೆ ಎಂಬ ಹಲವು ಕೊಂಡಿಗಳುಂಟು. ಯಾವ ಕೊಂಡಿ ಸಡಿಲವಾದರೂ ಚಾಲಕನಿಗೆ ತೋರುವ ಲಕ್ಷಣ ಒಂದೇ.

ದೋಷವನ್ನು ಹುಡುಕುವ ಮೊದಲು ನಿಸರ್ಗದ ಪಾಲೆಷ್ಟೆಂಬುದನ್ನು ಕಳೆಯಬೇಕು. ಇಂಜಿನ್ನಿನ ಶಕ್ತಿ ಅದು ಸೇವಿಸುವ ಗಾಳಿಯ ತೂಕವನ್ನು ಅವಲಂಬಿಸಿದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಗೆ ಹೋಲಿಸಿದರೆ, 40 ಡಿಗ್ರಿಯ ಗಾಳಿ ಶೇಕಡಾ 8ರಷ್ಟು ತೆಳು. ಬಾಗಲಕೋಟೆ, ಬಾದಾಮಿಗಳು ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿರುವುದರಿಂದ ಇನ್ನೂ ಶೇಕಡಾ 6ರಷ್ಟು ಕೊರತೆ ಸೇರುತ್ತದೆ. ಟರ್ಬೊ ಇಲ್ಲದ ಇಂಜಿನ್ ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಸೋಮಾರಿಯಾಗಿ ತೋರಿದರೆ ಅದು ರೋಗವಲ್ಲ, ಋತುಧರ್ಮ. ಬೆಳಗಿನ ತಂಪಿನಲ್ಲಿಯೂ ಹಾಗೆಯೇ ಇದ್ದರೆ ಮಾತ್ರ ಪರೀಕ್ಷೆಗೆ ತೊಡಗಬೇಕು.

ಇನ್ನು ಧೂಳು. ಒಂದು ಲೀಟರ್ ಪೆಟ್ರೋಲು ಪೂರ್ಣವಾಗಿ ಉರಿಯಲು ನಮ್ಮ ಬೇಸಗೆಯಲ್ಲಿ ಸುಮಾರು 10,000 ಲೀಟರ್ ಗಾಳಿ ಬೇಕು. ಇಳಕಲ್ಲಿನ ಕಲ್ಲುಗಣಿಗಳ ಸುತ್ತಲಿನ ಗಾಳಿಯಲ್ಲಿ ಗ್ರಾನೈಟಿನ ಪುಡಿ ಸೇರಿರುತ್ತದೆ. ಆ ಪುಡಿಯಲ್ಲಿನ ಬೆಣಚು ಸಾಮಾನ್ಯ ಉಕ್ಕಿಗಿಂತ ಗಟ್ಟಿ. ಏರ್ ಫಿಲ್ಟರ್ ಕಟ್ಟಿಕೊಂಡರೆ ಇಂಜಿನ್ನಿಗೆ ಉಸಿರುಗಟ್ಟುತ್ತದೆ. ಅದನ್ನು ಗಾಳಿಯ ಪೈಪಿನಿಂದ ಜೋರಾಗಿ ಊದಿ ಹರಿದರೆ, ಇಲ್ಲವೆ ‘ಪಿಕಪ್ ಬರಲಿ’ ಎಂದು ತೆಗೆದೇಬಿಟ್ಟರೆ, ಬೆಣಚಿನ ಕಣಗಳು ಸಿಲಿಂಡರನ್ನು ಉಜ್ಜಿ ಸವೆಸುತ್ತವೆ. ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರಿನ ಮೇಲೆ ಧೂಳು ಕುಳಿತರೆ ಅದು ಗಾಳಿ ಕಡಿಮೆಯೆಂದು ಸುಳ್ಳು ಲೆಕ್ಕ ಕೊಡುತ್ತದೆ. ಕಂಪ್ಯೂಟರು ಆ ಲೆಕ್ಕವನ್ನು ನಂಬಿ ಇಂಧನವನ್ನು ಕಡಿಮೆ ಮಾಡುತ್ತದೆ. ಊರಿನಿಂದ ಗಣಿಗೆ, ಗಣಿಯಿಂದ ಊರಿಗೆ ಎಂದು ಅಲ್ಪದೂರವನ್ನಷ್ಟೇ ಓಡುವ ಡೀಸೆಲ್ ಕಾರಿಗೆ ಇನ್ನೊಂದು ತೊಡಕು ಉಂಟು. ಹೊಗೆಯ ಮಸಿಯನ್ನು ಹಿಡಿಯುವ ಜರಡಿಯು ಅದನ್ನು ಸುಟ್ಟು ಶುದ್ಧವಾಗಲು ಸುಮಾರು 600 ಡಿಗ್ರಿ ಶಾಖ ಬೇಕು. ಅಲ್ಪದೂರದ ಓಟದಲ್ಲಿ ಆ ಶಾಖ ಹುಟ್ಟುವುದಿಲ್ಲ, ಜರಡಿ ಕಟ್ಟಿಕೊಳ್ಳುತ್ತದೆ.

ಕಾರಣಗಳು ಇಷ್ಟಿರುವಾಗ ಮಾಡಬೇಕಾದುದೇನು? ಮೊದಲು ಖರ್ಚಿಲ್ಲದ ಪರೀಕ್ಷೆಗಳು: ಪೆಡಲಿನ ಕೆಳಗೆ ಹೆಚ್ಚಿನ ಮ್ಯಾಟು ಸಿಕ್ಕಿಕೊಂಡು ಪೂರ್ತಿ ಒತ್ತಲು ಅಡ್ಡಿಯಾಗಿದೆಯೆ? ಚಾಲನೆಯ ಕ್ರಮ ಇಂಧನ ಉಳಿತಾಯದ ಸ್ಥಿತಿಯಲ್ಲಿದೆಯೆ? ಏರ್ ಫಿಲ್ಟರ್ ಸ್ವಚ್ಛವಾಗಿದೆಯೆ? ಟರ್ಬೊದ ರಬ್ಬರ್ ಹೋಸು ಸೀಳಿದೆಯೆ? ಬಳಿಕ ಒಬ್ಬರು ಕಾರು ಓಡಿಸುತ್ತಿರಲು ಇನ್ನೊಬ್ಬರು ಸ್ಕ್ಯಾನರಿನಲ್ಲಿ ನಾಲ್ಕು ಅಂಕಿಗಳನ್ನು ಒಟ್ಟಿಗೆ ದಾಖಲಿಸಬೇಕು: ಪೆಡಲಿನ ಒತ್ತಡ, ಥ್ರಾಟಲಿನ ತೆರವು, ಒಳಬಂದ ಗಾಳಿ, ಇಂಜಿನ್ನಿನ ಸುತ್ತು. ಪೆಡಲು ನೂರಕ್ಕೆ ಏರಿದರೂ ಥ್ರಾಟಲು ಏರದಿದ್ದರೆ ದೋಷವು ಸಂಕೇತದಲ್ಲೋ ಕವಾಟದಲ್ಲೋ ಇರಬೇಕು, ಇಲ್ಲವೆ ಕಂಪ್ಯೂಟರೇ ಶಕ್ತಿಯನ್ನು ತಡೆದಿರಬೇಕು. ಥ್ರಾಟಲು ತೆರೆದರೂ ಗಾಳಿ ಹೆಚ್ಚದಿದ್ದರೆ ಫಿಲ್ಟರು, ಹೋಸು, ಟರ್ಬೊ, ಹೊಗೆಯ ಮಾರ್ಗಗಳನ್ನು ನೋಡಬೇಕು; ಗಾಳಿಯನ್ನು ಅಳೆಯುವ ಸೆನ್ಸರೇ ಸರಿಯಿದೆಯೆ ಎಂಬುದನ್ನೂ ತಾಳೆ ನೋಡಬೇಕು. ಸುತ್ತು ಏರಿದರೂ ವೇಗ ಏರದಿದ್ದರೆ ಗೇರುಪೆಟ್ಟಿಗೆಯನ್ನು ವಿಚಾರಿಸಬೇಕು. ನಾಲ್ಕು ಅಂಕಿಗಳು ಶಂಕೆಯ ಕ್ಷೇತ್ರವನ್ನು ಎಷ್ಟೋ ಕಿರಿದುಗೊಳಿಸುತ್ತವೆ.

ಆದರೆ ವಾಡಿಕೆಯಲ್ಲಿರುವುದು ಬೇರೆ. ಸ್ಕ್ಯಾನರು ಒಂದು ಸಂಕೇತಸಂಖ್ಯೆಯನ್ನು ತೋರಿಸುತ್ತದೆ. ಆ ಸಂಖ್ಯೆಯೊಡನೆ ಹೆಸರಿರುವ ಬಿಡಿಭಾಗವನ್ನು ಬದಲಾಯಿಸುತ್ತಾರೆ. ಸಂಕೇತಸಂಖ್ಯೆ ಲಕ್ಷಣವನ್ನು ಹೇಳುತ್ತದೆಯೇ ಹೊರತು ರೋಗವನ್ನಲ್ಲ. ‘ಇಂಧನದ ಮಿಶ್ರಣ ತೆಳುವಾಗಿದೆ’ ಎಂಬ ವರದಿಗೆ ಸೀಳಿದ ಹೋಸು, ಕೊಳೆತ ಸೆನ್ಸರು, ಸೋತ ಪಂಪು ಯಾವುದೂ ಕಾರಣವಾಗಬಹುದು. ಆಗ ವರದಿ ತಂದ ಆಕ್ಸಿಜನ್ ಸೆನ್ಸರನ್ನೇ ಕಿತ್ತೆಸೆಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಇಳಕಲ್ಲಿನ ನೇಕಾರನು ಸೀರೆಯಲ್ಲಿ ತಪ್ಪು ಕಂಡಾಗ ಮಗ್ಗವನ್ನು ಬದಲಿಸುವುದಿಲ್ಲ. ಎಳೆಯನ್ನು ಹಿಡಿದು ಹಿಂದಕ್ಕೆ ಹುಡುಕುತ್ತಾನೆ. ಆ ಶಿಸ್ತೇ ಗ್ಯಾರೇಜಿಗೂ ಬೇಕು.

ತಪ್ಪೆಲ್ಲ ಊರಿನ ಮಿಸ್ತ್ರಿಯದೆಂದು ನಾವು ಹೇಳುತ್ತಿಲ್ಲ. ಕಂಪನಿಯ ಪರೀಕ್ಷಾ ಉಪಕರಣ, ವಿದ್ಯುನ್ಮಾರ್ಗದ ನಕ್ಷೆ, ಸರಿಯಾದ ಅಳತೆಗಳ ಪಟ್ಟಿ ಇವು ಅವನ ಕೈಗೆ ಸುಲಭವಾಗಿ ದೊರೆಯುವುದಿಲ್ಲ. ಒಂದು ಹೋಸಿನ ಸೀಳನ್ನು ಗುರುತಿಸಲು ಇಳಕಲ್ಲಿನಿಂದ 400 ಕಿಲೋಮೀಟರಿಗೂ ಮಿಕ್ಕ ದೂರದ ಬೆಂಗಳೂರಿಗೆ ಕಾರನ್ನು ಸಾಗಿಸಬೇಕಾಗಿ ಬಂದರೆ ಅದು ವಿವೇಕವೆನಿಸದು. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ, ಸ್ವತಂತ್ರ ಗ್ಯಾರೇಜುಗಳಿಗೆ ಬಿಡಿಭಾಗ ಹಾಗೂ ಪರೀಕ್ಷಾ ಉಪಕರಣಗಳನ್ನು ನಿರಾಕರಿಸಿದ್ದಕ್ಕಾಗಿ 14 ಕಾರು ತಯಾರಕರಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ವಿವಾದ ಮೇಲ್ಮನವಿಯ ದಾರಿ ಹಿಡಿಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು. ಅದರ ವ್ಯಾಪ್ತಿಯಲ್ಲಿ ಮೋಟಾರು ವಾಹನಗಳೂ ಸೇರಿವೆ. ದಾರಿ ಸರಿಯಾದುದು, ಇನ್ನೂ ಮುಂದೆ ನಡೆಯಬೇಕು.

ಎಲ್ಲವನ್ನೂ ಬಹಿರಂಗಗೊಳಿಸಿದರೆ ಕಳ್ಳತನಕ್ಕೂ ಅಪಾಯಕರ ತಿದ್ದುಪಡಿಗೂ ಎಡೆಯಾದೀತೆಂಬ ತಯಾರಕರ ಆಕ್ಷೇಪಣೆ ನಿರಾಧಾರವಾದುದಲ್ಲ. ಆದರೆ ಅಂಕಿಗಳನ್ನು ಓದುವುದು ಬೇರೆ, ಕಂಪ್ಯೂಟರಿನ ಆದೇಶಗಳನ್ನು ತಿದ್ದುವುದು ಬೇರೆ. ಎರಡನೆಯದಕ್ಕೆ ಕಾವಲಿರಲಿ, ಮೊದಲನೆಯದು ನ್ಯಾಯವಾದ ಬೆಲೆಗೆ ಎಲ್ಲ ಕುಶಲಿಗಳಿಗೂ ದೊರೆಯಲಿ.

ಅಂಕಿ ದೊರೆತರೆ ಸಾಲದು, ಅದನ್ನು ಅರ್ಥೈಸುವ ವಿದ್ಯೆಯೂ ಬೇಕು. 1963ರಲ್ಲಿ ಆರಂಭವಾದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಬಾಗಲಕೋಟೆಯಲ್ಲಿಯೇ ಇದೆ. ಅಂತಹ ಸಂಸ್ಥೆಗಳು ಕೈಗಾರಿಕಾ ತರಬೇತಿ ಕೇಂದ್ರಗಳೊಡನೆ ಸೇರಿ, ಹುನಗುಂದ, ಬಾದಾಮಿ, ಇಳಕಲ್ಲಿನ ಮಿಸ್ತ್ರಿಗಳಿಗಾಗಿ ಕನ್ನಡದಲ್ಲಿ ಕಿರು ತರಬೇತಿಗಳನ್ನು ನಡೆಸುವುದು ಉಚಿತ. ಕಾರಿನ ಒಡೆಯರಿಗೂ ನಮ್ಮದೊಂದು ಸಲಹೆ: ಯಾವುದೇ ದುಬಾರಿ ಭಾಗವನ್ನು ಬದಲಿಸುವ ಮುನ್ನ ‘ಯಾವ ಅಳತೆಯಿಂದ ಇದು ಕೆಟ್ಟಿದೆಯೆಂದು ತಿಳಿಯಿತು?’ ಎಂದು ಕೇಳಿರಿ. ಉತ್ತರ ಅಂಕಿಯ ರೂಪದಲ್ಲಿ ಬಂದರೆ ಒಪ್ಪಿಗೆ ಕೊಡಿರಿ. ಬಾರದಿದ್ದರೆ ಪರೀಕ್ಷೆ ಇನ್ನೂ ಮುಗಿದಿಲ್ಲವೆಂದು ತಿಳಿಯಿರಿ.