ಬುದ್ಧಿವಂತ ಹುಡುಗನ ಟಿಪ್ಪಣಿ

ನಮ್ಮ ನಾಟಕಗಳ ರಾಕ್ಷಸ ರಂಗಕ್ಕೆ ಬರುತ್ತಲೇ ಅಬ್ಬರಿಸಿ ತಾನು ಯಾರೆಂಬುದನ್ನು ತಾನೇ ಸಾರಿಬಿಡುತ್ತಾನೆ. ಲೋಕದ ದುಷ್ಟನು ಅಷ್ಟು ಉಪಕಾರಿಯಲ್ಲ. ಅವನು ಮೊದಲು ಶಾಲೆಯಲ್ಲಿ ಒಳ್ಳೆಯ ಅಂಕ ತೆಗೆಯುತ್ತಾನೆ. ಈ ವಿಚಾರವನ್ನು ನಮ್ಮ ತಲೆಗೆ ಹಚ್ಚಿದ್ದು 2023ರ ನವೆಂಬರಿನಲ್ಲಿ ತೆರೆಕಂಡ ಒಂದು ಇಂಗ್ಲಿಷ್ ಚಿತ್ರ: ‘ದಿ ಹಂಗರ್ ಗೇಮ್ಸ್: ದಿ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಅಂಡ್ ಸ್ನೇಕ್ಸ್’. ಹೆಸರು ಮಾರುದ್ದ, ಚಿತ್ರವೂ ಎರಡೂವರೆ ಗಂಟೆ ಮೀರುತ್ತದೆ.

ವಾಚಕರ ಮನೆಯ ಮಕ್ಕಳಿಗೆ ಈ ಕಥೆಯ ಹಿನ್ನೆಲೆ ಗೊತ್ತಿದ್ದೀತು. ಹಿರಿಯರಿಗಾಗಿ ನಾಲ್ಕು ಮಾತು. ಅಮೆರಿಕದ ಲೇಖಕಿ ಸುಝಾನ್ ಕಾಲಿನ್ಸ್ ಹದಿಹರೆಯದವರಿಗಾಗಿ ಬರೆದ ಈ ಮಾಲೆಯ ಮೊದಲ ಕಾದಂಬರಿ 2008ರಲ್ಲಿ ಪ್ರಕಟವಾಯಿತು. ಮುಂದೆಂದೋ ಒಂದು ಕಾಲದಲ್ಲಿ ಪಾನೆಮ್ ಎಂಬ ದೇಶ. ಲ್ಯಾಟಿನ್ನಿನಲ್ಲಿ ಅದು ರೊಟ್ಟಿಯ ಹೆಸರು. ಪ್ರಜೆಗಳನ್ನು ರೊಟ್ಟಿಯಿಂದಲೂ ಆಟದಿಂದಲೂ ಸುಮ್ಮನಿರಿಸಿದ ರೋಮಿನ ನೆನಪು ಅದರಲ್ಲಿದೆ. ರಾಜಧಾನಿಯ ವಿರುದ್ಧ ದಂಗೆಯೆದ್ದು ಸೋತ ಜಿಲ್ಲೆಗಳಿಗೆ ಒಂದು ಶಿಕ್ಷೆ: ವರ್ಷಕ್ಕೊಮ್ಮೆ 12 ಜಿಲ್ಲೆಗಳಿಂದ ತಲಾ ಒಬ್ಬ ಹುಡುಗ, ಒಬ್ಬ ಹುಡುಗಿ, ಒಟ್ಟು 24 ಮಕ್ಕಳು ಕಣಕ್ಕಿಳಿದು, ಒಬ್ಬರೇ ಉಳಿಯುವ ತನಕ ಬಡಿದಾಡಿ ಸಾಯಬೇಕು. ಮೊದಲ ಕಾದಂಬರಿಯದು 74ನೆಯ ಆಟ. ಆಗ ದೇಶದ ಅಧ್ಯಕ್ಷ ಸ್ನೋ ಎಂಬ ಕ್ರೂರಿ ಮುದುಕ. 2020ರ ಕಾದಂಬರಿಯೂ ಅದನ್ನು ಆಧರಿಸಿದ ಈ ಚಿತ್ರವೂ 64 ವರ್ಷ ಹಿಂದಕ್ಕೆ ಸರಿದು, ಅದೇ ಸ್ನೋ 18ರ ಹರೆಯದ ವಿದ್ಯಾರ್ಥಿಯಾಗಿದ್ದಾಗಿನ ಕಥೆ ಹೇಳುತ್ತವೆ.

ಹುಡುಗನದು ದೊಡ್ಡ ಮನೆತನ, ಬರಿದಾದ ಅಡಿಗೆಮನೆ. ಯುದ್ಧಕಾಲದ ಹಸಿವನ್ನು ಕಂಡವನು. ಅವನ ಅಂಗಿಗೆ ಗುಂಡಿಯಿಲ್ಲದಾಗ, ಅಕ್ಕನಂತಿರುವ ಟೈಗ್ರಿಸ್ ಸ್ನಾನದ ಮನೆಯ ಗೋಡೆಯ ಕಲ್ಲುಬಿಲ್ಲೆಗಳನ್ನು ಕಿತ್ತು ಗುಂಡಿ ಮಾಡಿಕೊಡುತ್ತಾಳೆ. ವಿದ್ಯಾರ್ಥಿವೇತನ ಸಿಕ್ಕದಿದ್ದರೆ ಮುಂದಿನ ಓದಿಲ್ಲ. ಇಂಥ ಹುಡುಗನನ್ನು ಕಂಡರೆ ನಮ್ಮಲ್ಲಿ ಯಾರಿಗೆ ತಾನೆ ಮರುಕವಾಗದು?

ಆ ವರ್ಷ ಕಣಕ್ಕಿಳಿಯುವ ಒಂದೊಂದು ಮಗುವಿಗೂ ಒಬ್ಬೊಬ್ಬ ವಿದ್ಯಾರ್ಥಿ ಮಾರ್ಗದರ್ಶಿ. ಸ್ನೋವಿನ ಪಾಲಿಗೆ ಬಂದವಳು 12ನೆಯ ಜಿಲ್ಲೆಯ ಹಾಡುಗಾರ್ತಿ ಲೂಸಿ ಗ್ರೇ. ಮಕ್ಕಳನ್ನು ಮೃಗಾಲಯದ ಪಂಜರದಲ್ಲಿ ಕೂಡಿಹಾಕಿದ್ದಾರೆ. ಆದರೆ ಜನಕ್ಕೆ ಆಟ ಹಳಸಿದೆ, ನೋಡುವವರಿಲ್ಲ. ಇಲ್ಲಿ ನಮ್ಮ ಹುಡುಗ ಒಂದು ಟಿಪ್ಪಣಿ ಬರೆಯುತ್ತಾನೆ: ಜನರು ಮಕ್ಕಳ ಮೇಲೆ ಪಂದ್ಯ ಕಟ್ಟಲಿ, ಮೆಚ್ಚಿದ ಮಗುವಿಗೆ ಹಣ ಕೊಟ್ಟು ಅನ್ನ ನೀರು ಕಳಿಸಲಿ, ಆಗ ನೋಡಿಯೇ ನೋಡುತ್ತಾರೆ. ಸಾಯಲಿರುವ ಹುಡುಗಿಗೆ ಒಂದು ತುತ್ತು ಸಿಗಲೆಂಬ ಕನಿಕರವೂ ಅದರಲ್ಲಿದೆ, ತನ್ನ ವೇತನದ ಲೆಕ್ಕವೂ ಇದೆ. ಟಿಪ್ಪಣಿ ಮಂಜೂರಾಗುತ್ತದೆ. ಸಾಯಬೇಕಾಗಿದ್ದ ಆಟ ಬದುಕಿಕೊಳ್ಳುತ್ತದೆ.

ನಾವು ಗುಮಾಸ್ತರು. ಒಂದು ಹಾಳೆ ಮೇಜಿನಿಂದ ಮೇಜಿಗೆ ಹೋಗಿ, ಷರಾ ಬರೆಸಿಕೊಂಡು, ಆಜ್ಞೆಯಾಗಿ ಹೊರಬೀಳುವ ಬಗೆಯನ್ನು ದಿನವೂ ನೋಡುವವರು. ಆದುದರಿಂದ ಕಣದ ರಕ್ತಕ್ಕಿಂತ ಈ ಹಾಳೆಯೇ ನಮ್ಮನ್ನು ಹೆಚ್ಚು ಬೆದರಿಸಿತು. ಆಟ ಹುಟ್ಟಿದ್ದೂ ಹೀಗೆಯೇ: ಹೈಬಾಟಮ್ ಎಂಬ ವಿದ್ಯಾರ್ಥಿ ಕುಡಿದ ಅಮಲಿನಲ್ಲಿ ಪಾಠದ ಅಭ್ಯಾಸಕ್ಕೆಂದು ಕಲ್ಪಿಸಿದ್ದನ್ನು ಅವನ ಗೆಳೆಯ, ಈ ಸ್ನೋವಿನ ತಂದೆ, ಗುರುಗಳಿಗೆ ಒಪ್ಪಿಸಿಬಿಟ್ಟ. ತಂದೆ ಒಪ್ಪಿಸಿದ ಹಾಳೆಗೆ ಮಗ ತಿದ್ದುಪಡಿ ಸೂಚಿಸಿದ. ಸ್ನೋ ಬರೆದ ಟಿಪ್ಪಣಿಯಲ್ಲಿ ತನಗೂ ಪಾಲಿದೆಯೆಂದ ಸಹಪಾಠಿಗೆ ಹಾವು ಕಚ್ಚುವ ಪ್ರಸಂಗವೂ ಚಿತ್ರದಲ್ಲಿದೆ. ಪರರ ಬರಹಕ್ಕೆ ತಮ್ಮ ರುಜು ಹಾಕುವ ಮಹನೀಯರು ಅವಶ್ಯ ನೋಡಬೇಕು.

ನಿರ್ದೇಶಕ ಫ್ರಾನ್ಸಿಸ್ ಲಾರೆನ್ಸ್ ಕಥೆಗೆ ನಿಷ್ಠರಾಗಿದ್ದಾರೆ. ಟಾಮ್ ಬ್ಲೈತ್ ಸ್ನೋ ಆಗಿ, ರೇಚೆಲ್ ಝೆಗ್ಲರ್ ಲೂಸಿ ಗ್ರೇ ಆಗಿ ಚೆನ್ನಾಗಿ ನಟಿಸಿದ್ದಾರೆ. ಆಕೆಯ ಹಾಡು ಕಿವಿಯಲ್ಲಿ ನಿಲ್ಲುತ್ತದೆ. ಆದರೂ ಪುಸ್ತಕದ ಒಂದು ಗುಣ ತೆರೆಗೆ ಬಂದಿಲ್ಲ. ಕಾದಂಬರಿಯಲ್ಲಿ ಹುಡುಗನ ಮನಸ್ಸು ಪುಟಪುಟಕ್ಕೂ ನಮ್ಮ ಕಿವಿಗೆ ಬೀಳುತ್ತದೆ. ತಪ್ಪು ಮಾಡುವ ಮುನ್ನ ತನಗೆ ತಾನೇ ಹೇಳಿಕೊಳ್ಳುವ ಸಮರ್ಥನೆ, ಪ್ರೀತಿಯೆಂದು ಕರೆದುಕೊಳ್ಳುವ ಒಡೆತನ, ಎಲ್ಲವೂ. ಚಿತ್ರದಲ್ಲಿ ಕಾಣುವುದು ಸುಂದರವಾದ ಮುಖ ಮಾತ್ರ. ಆದುದರಿಂದ ಅವನು ಕೊನೆಯಲ್ಲಿ ತಿರುಗಿಬಿದ್ದಾಗ ನೋಡಿದವರು ಅವಸರವಾಯಿತೆನ್ನುತ್ತಾರೆ. ಓದಿದವರು ಇಷ್ಟು ತಡವೇಕಾಯಿತೆನ್ನುತ್ತಾರೆ.

ಅದೇ ತರಗತಿಯಲ್ಲಿ ಸೆಜೇನಸ್ ಎಂಬ ಇನ್ನೊಬ್ಬ ಹುಡುಗನಿದ್ದಾನೆ. ಜಿಲ್ಲೆಯಿಂದ ಬಂದವನು, ಧನಿಕನ ಮಗ, ಲೌಕಿಕದಲ್ಲಿ ತೀರ ದಡ್ಡ. ಸತ್ತುಬಿದ್ದ ತನ್ನೂರ ಹುಡುಗನ ಮೇಲೆ ರೊಟ್ಟಿಯ ಚೂರು ಉದುರಿಸಲು ರಾತ್ರಿ ಕಣದೊಳಕ್ಕೇ ನುಗ್ಗುತ್ತಾನೆ. ಅದಕ್ಕೆ ಅಂಕವಿಲ್ಲ, ವೇತನವಿಲ್ಲ. ಅವನಿಗೇನಾಯಿತು, ಲೂಸಿ ಗ್ರೇ ಏನಾದಳು, ಇವನ್ನು ನಾವು ಹೇಳೆವು.

ಮಕ್ಕಳು ಈ ಚಿತ್ರ ನೋಡಬಹುದೇ ಎಂದು ಕೇಳುವ ತಾಯಂದಿರಿಗೆ ನಮ್ಮ ಉತ್ತರವಿಷ್ಟು: ತೀರ ಎಳೆಯರಿಗೆ ಬೇಡ, ಹೈಸ್ಕೂಲಿನ ಮೇಲ್ತರಗತಿಯವರು ನೋಡಲಿ, ಆದರೆ ನೀವೂ ಜತೆಗೆ ಕೂಡಿರಿ. ಮುಗಿದ ಮೇಲೆ ಸೆಜೇನಸ್ ಮಾಡಿದ್ದು ಸರಿಯೇ ಎಂದು ಕೇಳಿ ನೋಡಿರಿ. ನಮ್ಮ ಮನೆಗಳಲ್ಲಿ ಹುಡುಗ ಎಷ್ಟು ಅಂಕ ತಂದನೆಂದು ಕೇಳುವವರಿಗೆ ಬರವಿಲ್ಲ. ಆ ಬುದ್ಧಿಯಿಂದ ಯಾರಿಗೇನು ಮಾಡಿದನೆಂದು ಕೇಳುವವರೂ ಮನೆಗೊಬ್ಬರು ಬೇಕು.